ಮೂರು ದಾರಿ, ಮೂರು ಬುತ್ತಿ

ಉರಿಶಕ ಇನ್ನೂರ ಹನ್ನೊಂದು, ಐದನೆಯ ಉರಿತಿಂಗಳ ನಲವತ್ತನೆಯ ದಿನ
ಕಲಘಟಗಿ ನೆಲದಡಿ

ನನ್ನ ಮುತ್ತಜ್ಜ ಮುತ್ತಜ್ಜಿಯರಾಗಲಿರುವ ಎಳೆಯರೇ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ಬೇಸಿಗೆ ಮುಗಿಯದೇ ಉಳಿದ ಮೊದಲ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಹಗಲಿನಲ್ಲಿ ನೆಲದ ಮೇಲೆ ನಿಲ್ಲಲಾಗದ ತಿಂಗಳುಗಳಿಗೆ ಉರಿತಿಂಗಳು ಎಂದು ಹೆಸರು. ಅವು ಐದು, ಒಂದೊಂದಕ್ಕೂ ಐವತ್ತು ದಿನ. ಅಷ್ಟೂ ದಿನ ನಾವು ನೆಲದ ಕೆಳಗೆ, ಅಗೆದು ಮಾಡಿದ ಓಣಿಗಳಲ್ಲಿ ಇರುತ್ತೇವೆ. ನಿಮ್ಮ ಕಾಲದ ಬರಹವನ್ನು ಓದಿ ಕಲಿತ ಕನ್ನಡದಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೆಲವು ಶಬ್ದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನೀವು ನೋಡದ ವಸ್ತುಗಳಿಗೆ ನಿಮ್ಮ ಶಬ್ದಗಳು ಸಾಲಲಿಲ್ಲ.

ನಿಮ್ಮ ಕಾಲದ ಒಂದು ಹಾಳೆ ನಮ್ಮ ಶಾಲೆಯಲ್ಲಿದೆ. ಮೋಜಿನ ಹಡಗು ಹೊರಡುವ ಬಂದರಿಗೆ ವಿಮಾನದಲ್ಲಿ ಹೋಗುವುದು ಮೇಲೋ, ರೈಲಿನಲ್ಲೋ, ಸ್ವಂತ ಕಾರಿನಲ್ಲೋ ಎಂದು ಅದರಲ್ಲಿ ವಿಚಾರ ಮಾಡಿದ್ದಾರೆ. ಹಿಂದಿನ ದಿನವೇ ತಲುಪಿ, ಹತ್ತಿರದ ಹೋಟೆಲಿನಲ್ಲಿ ತಂಗಿರಿ, ಹಡಗು ಯಾರಿಗಾಗಿಯೂ ನಿಲ್ಲುವುದಿಲ್ಲ ಎಂದು ಬರೆದಿದೆ. ಮಕ್ಕಳಿಗೆ ನಾನು ಓದು ಕಲಿಸುವುದು ಈ ಹಾಳೆಯಿಂದ. ಹೋಟೆಲು ಎಂದರೇನು ಎಂದು ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಾರೆ. ಕೊನೆಯ ಮಾತನ್ನು ಮಾತ್ರ ಈವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಏಕೆಂದರೆ ಆ ಹಡಗು ಈಗಲೂ ಬರುತ್ತದೆ. ಹೊಟ್ಟೆಯ ಯಂತ್ರ ಬದಲಾಗಿದೆ, ಮೇಲಿನ ಈಜುಕೊಳದಲ್ಲಿ ಕುಡಿಯುವ ನೀರು ತುಂಬಿಸುತ್ತಾರೆ, ಕುಣಿಯುವ ಕೋಣೆಗಳಲ್ಲಿ ಸಸಿ ಬೆಳೆಸುತ್ತಾರೆ. ಮೂರು ವರ್ಷಕ್ಕೊಮ್ಮೆ, ಮುಳುಗಿದ ಅಂಕೋಲೆಯ ಮೇಲೆ ಲಂಗರು ಹಾಕಿ, ಕಡಲು ಉಬ್ಬುವ ಒಂದು ಬೆಳಗಿನ ಭರತದೊಂದಿಗೆ ಅದು ತಂಪುನಾಡಿಗೆ ಹೊರಡುತ್ತದೆ. ಹದಿನಾರು ತುಂಬಿದವರನ್ನು, ಇಪ್ಪತ್ತು ದಾಟದವರನ್ನು ಮಾತ್ರ ಹತ್ತಿಸಿಕೊಳ್ಳುತ್ತಾರೆ. ಇಲ್ಲೇ ಉಳಿದವರಿಗೆ ಬಿಸಿಗೆಮ್ಮು ಹತ್ತುತ್ತದೆ. ನಲವತ್ತು ಕಂಡವರನ್ನು ಕೈಬೆರಳಿನಲ್ಲಿ ಎಣಿಸಬಹುದು. ನನಗೆ ಐವತ್ತೇಳು. ಇದನ್ನು ಭಾಗ್ಯವೆಂದು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ.

ಅಂಕೋಲೆಗೆ ನಮ್ಮಿಂದ ಮೂರು ದಾರಿಗಳು. ಅರಬೈಲು ಘಟ್ಟ ಇಳಿಯುವ ಹಳೆಯ ಡಾಂಬರು ರಸ್ತೆಗೆ ಎಂಟು ದಿನ. ನೆರಳಿಲ್ಲ, ಗುಡ್ಡ ಜರಿದ ಕಡೆಯೆಲ್ಲ ಹತ್ತಿ ಇಳಿಯಬೇಕು. ಬೇಡ್ತಿ ಹೊಳೆಯ ದಂಡೆ ಹಿಡಿದು, ಮಾಗೋಡಿನ ಅಬ್ಬಿಯ ಪಕ್ಕದ ಬಂಡೆಗಳಲ್ಲಿ ಇಳಿದು, ಕೆಳಗೆ ತೆಪ್ಪ ಕಟ್ಟಿಕೊಂಡರೆ ಆರು ದಿನ. ಆದರೆ ಉರಿತಿಂಗಳುಗಳ ಆಚೆಗೆ ಉಳಿಯುವ ತಂಪಿನ ವಾರಗಳ ಮಳೆ ಆ ಹೊಳೆಯನ್ನು ಒಂದೇ ಗಳಿಗೆಯಲ್ಲಿ ಎಬ್ಬಿಸುತ್ತದೆ. ಮೂರನೆಯದು ನಿಮ್ಮ ಮೊಮ್ಮಕ್ಕಳು ಕೊರೆಯಲಿರುವ ರೈಲು ಸುರಂಗ. ನಾಲ್ಕೇ ದಿನ, ತಣ್ಣಗಿನ ಕತ್ತಲೆ, ಸಮನೆಯ ನೆಲ. ಹದಿನೇಳನೆಯ ವಯಸ್ಸಿನಲ್ಲಿ ನಾನು ಅದರಲ್ಲಿ ನಡೆದು ಬಂದರು ಮುಟ್ಟಿದ್ದೆ. ಎದೆಯಲ್ಲಿ ಕೆಮ್ಮು ಕೇಳಿಸಿತೆಂದು ಹಡಗಿನವರು ಹಿಂದಕ್ಕೆ ಕಳಿಸಿದರು. ಊರಿಗೆ ಬಂದು ದಾರಿ ಕಲಿಸುವ ಮಾಸ್ತರನಾದೆ.

ನಮ್ಮಲ್ಲಿ ಒಂದೇ ಬುತ್ತಿ ಎಂಬ ಕಟ್ಟಳೆಯಿದೆ. ಬಂದರಿಗೆ ಹೊರಟವರ ರೊಟ್ಟಿಯನ್ನೆಲ್ಲ ಒಂದೇ ಅರಿವೆಯಲ್ಲಿ ಕಟ್ಟುತ್ತಾರೆ. ಅದರಲ್ಲಿ ಕೂಡಿ ಉಂಡವರು ದಾರಿಯಲ್ಲಿ ಅಗಲಬಾರದು. ಹೋದ ಸಲದ ಹಡಗಿಗೆ ಹನ್ನೊಂದು ಮಕ್ಕಳು ಹೀಗೆ ಒಂದೇ ಗಂಟು ಹೊತ್ತು ಹೊಳೆಯ ದಾರಿಯಲ್ಲಿ ಹೋದರು. ಹೊಳೆ ಏರಿತು. ಮೂವರು ಅಬ್ಬಿಯ ಕೆಳಗೇ ಉಳಿದರು. ಎಂಟು ಜನ ಕಡಲ ದಡ ಮುಟ್ಟುವಷ್ಟರಲ್ಲಿ ಹಡಗು ಹೊರಟು ನಾಲ್ಕು ದಿನವಾಗಿತ್ತು. ತಿರುಗಿ ಬಂದವರಲ್ಲಿ ಹೊನ್ನವ್ವ ಒಬ್ಬಳು. ಆಗ ಅವಳಿಗೆ ಹದಿನೇಳು. ಉಳಿದ ಏಳು ಜನರಿಗೆ ವಯಸ್ಸು ಮೀರಿತು. ಅವಳಿಗೆ ಮಾತ್ರ ಇನ್ನೊಂದು ಹಡಗು ಉಳಿದಿತ್ತು, ಅದೂ ಕೊನೆಯದು.

ಆ ಕೊನೆಯ ಹಡಗು ಈ ವರ್ಷದ ತಂಪಿನ ವಾರಗಳಲ್ಲಿ ಬಂತು. ಹೊರಡಬೇಕಾದವರು ಆರು ಜನ. ನಾನು ಊರನ್ನು ಕೂಡಿಸಿ, ಈ ಸಲ ಇಬ್ಬಿಬ್ಬರಂತೆ ಮೂರೂ ದಾರಿಗಳಲ್ಲಿ ಹೋಗಲಿ, ಒಂದು ದಾರಿ ಮುಚ್ಚಿದರೂ ಎಲ್ಲರೂ ಕೆಡುವುದಿಲ್ಲ ಎಂದೆ. ಹೊನ್ನವ್ವನ ಅಜ್ಜಿ ಬಾಳವ್ವ ಎದ್ದು ನಿಂತಳು.

“ಕೂಡಿ ಉಣ್ಣೋ ಹುಡುಗರನ್ನ ಮೂರು ದಿಕ್ಕಿಗೆ ಅಟ್ಟತೀರೇನ್ರಿ ಮಾಸ್ತರ? ದಾರ್‍ಯಾಗ ಒಬ್ಬರು ಬಿದ್ದರ ಎತ್ತಾವ್ರು ಯಾರು?”

“ಹೋದ ಸಲ ಹನ್ನೊಂದು ಜನ ಇದ್ವಿ, ಯವ್ವಾ,” ಎಂದಳು ಹೊನ್ನವ್ವ. “ಬಿದ್ದಾವ್ರನ್ನ ಎತ್ತಾಕ ಆಗಲಿಲ್ಲ.”

ಬಾಳವ್ವ ಒಳಗೆ ಹೋಗಿ ಮೂರು ಅರಿವೆ ತಂದಳು.

ದಾರಿ ಹಂಚುವ ಕೆಲಸ ನನ್ನದು. ನಾನು ಘಟ್ಟದ ರಸ್ತೆಗೆ ಫಕೀರೇಶ ಮತ್ತು ಅವನ ತಂಗಿಯನ್ನು ಹಾಕಿದೆ, ಹೊಳೆಗೆ ಈಜು ಬಲ್ಲ ಇಬ್ಬರನ್ನು, ಸುರಂಗಕ್ಕೆ ಹೊನ್ನವ್ವ ಮತ್ತು ದಾವಲನನ್ನು. ಫಕೀರೇಶ ಎಲ್ಲರಿಗೂ ಕೇಳುವಂತೆ, “ಮಾಸ್ತರ ಜೀವ ಎಲ್ಲಾ ಹೊನ್ನಕ್ಕನ ಮ್ಯಾಲ. ನೆರಳು ಅಕಿಗೆ, ಬಿಸಲು ನಮಗ,” ಎಂದ.

“ನೀನೂ ಬಾರಲೇ ಸುರಂಗಕ್ಕ,” ಎಂದಳು ಅವಳು. “ನೀ ಹಲ್ಲು ಕಿಸಿದ್ರ ನಮಗ ದೀಪದ ಖರ್ಚು ಉಳೀತೈತಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹುಡುಗ ಹೇಳಿದ್ದು ನಿಜವಾಗಿತ್ತು. ಅತ್ಯುತ್ತಮ ಎಂದು ನಾನು ನಂಬಿದ್ದ ದಾರಿಯನ್ನು ನನ್ನ ಶಿಷ್ಯರಲ್ಲಿ ನನಗೆ ಹೆಚ್ಚು ಬೇಕಾದವಳಿಗೆ ಕೊಟ್ಟಿದ್ದೆ. ಆ ಸುರಂಗವನ್ನು ನಾನು ನೋಡಿ ನಲವತ್ತು ವರ್ಷವಾಗಿತ್ತು; ಕತ್ತಲಿಗೆ ಅಂಜಿ ಊರಿನವರು ಆಮೇಲೆ ಹೊಳೆಯ ದಾರಿಯನ್ನೇ ಹಿಡಿದಿದ್ದರು. ಯಾರನ್ನಾದರೂ ಮುಂಚೆಯೇ ಕಳಿಸಿ ಅದರೊಳಗಿನ ಸ್ಥಿತಿ ತಿಳಿದುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಾಲಿಗೆ ಗೊತ್ತಿದ್ದ ದಾರಿ ಬದಲಾಗಿರುವುದಿಲ್ಲ ಎಂದು ನಂಬುವ ತಪ್ಪನ್ನು ಮಾಸ್ತರರು ಮಾತ್ರ ಮಾಡಬಲ್ಲರು.

ಅವರೆಲ್ಲ ಹೊರಟ ಇಪ್ಪತ್ತಮೂರನೆಯ ದಿನ ಹೊನ್ನವ್ವ ಮತ್ತು ದಾವಲ ಇಬ್ಬರೇ ಊರಿಗೆ ನಡೆದುಕೊಂಡು ಬಂದರು. ದೂರದಿಂದ ಎರಡು ತಲೆ ಕಂಡಾಗಲೇ ಬಾಳವ್ವ ಹಿಂದಕ್ಕೆ ತಿರುಗಿ ಒಳಗೆ ಹೋದಳು.

ಸುರಂಗದ ನಡುವೆ ಗೋಡೆ ಒಡೆದು ಗುಡ್ಡದ ನೀರು ಚಾವಣಿಯವರೆಗೆ ತುಂಬಿತ್ತಂತೆ. ಆ ಎರಡು ದಿನದ ಕತ್ತಲನ್ನು ಹಿಂದಕ್ಕೆ ನಡೆದು, ಗುಡ್ಡ ಹತ್ತಿ ಇಳಿದು ಅವರು ದಡ ಮುಟ್ಟಿದ್ದು ನಡುಹಗಲಿಗೆ. ಹಡಗು ಅದೇ ಬೆಳಗಿನ ಭರತಕ್ಕೆ ಹೊರಟಿತ್ತು. ಫಕೀರೇಶ ಮತ್ತು ತಂಗಿ ಎರಡು ದಿನ ಮುಂಚೆಯೇ ಬಂದು ಹತ್ತಿದ್ದರು. ಹೊಳೆಯ ದಾರಿಯ ಇಬ್ಬರು ಕೊನೆಯ ದೋಣಿಗೆ ಸಿಕ್ಕಿದ್ದರು. ದಡದ ಮೀನುಗಾರರು ಇದನ್ನೆಲ್ಲ ಹೇಳಿದರಂತೆ. ದಾವಲನಿಗೆ ಹದಿನಾರು, ಅವನಿಗೆ ಇನ್ನೊಂದು ಹಡಗಿದೆ. ಹೊನ್ನವ್ವನಿಗಿಲ್ಲ.

ನಾನು ಅವಳ ಮುಂದೆ ಕುಳಿತು, ತಪ್ಪು ನನ್ನದು ಎಂದೆ. ಅವಳು ಚೀಲದಿಂದ ಗಂಟು ಹಾಕಿದ ಉದ್ದನೆಯ ಹುರಿ ತೆಗೆದಳು. ಬರುವಾಗ ಘಟ್ಟದ ರಸ್ತೆಯನ್ನು ಅದರಿಂದ ಅಳೆದಿದ್ದಳು; ಕುಸಿದ ಜಾಗಕ್ಕೆ ಒಂದು ಬಗೆಯ ಗಂಟು, ನೀರು ಸಿಗುವ ಜಾಗಕ್ಕೆ ಇನ್ನೊಂದು. “ನಾಲ್ಕು ಮಂದಿ ಹೋದ್ರಲ್ರಿ, ಮಾಸ್ತರ,” ಎಂದಳು. “ಮೊದಲಿನಾಂಗ ಒಂದ ಬುತ್ತಿ ಹೊತ್ತು ಎಲ್ಲಾರೂ ನಿಮ್ಮ ಸುರಂಗಕ್ಕ ಬಂದಿದ್ರ, ಆರೂ ಮಂದಿ ಇಲ್ಲೇ ಕುಂತಿರತಿದ್ವಿ.” ಅದು ಸಮಾಧಾನವೋ ಶಿಕ್ಷೆಯೋ ನನಗೆ ಈಗಲೂ ತಿಳಿದಿಲ್ಲ. ಅಂದಿನಿಂದ ದಾರಿ ಕಲಿಸುವ, ಹಂಚುವ ಕೆಲಸ ಅವಳದು. ಕಳೆದ ವಾರ ಅವಳಿಗೆ ಮೊದಲ ಕೆಮ್ಮು ಬಂತು. ಮಕ್ಕಳ ಮುಂದೆ ಅದನ್ನು ನುಂಗಿಕೊಂಡು ಪಾಠ ಮುಂದುವರಿಸಿದಳು.

ಈ ಪತ್ರ ನಿಮಗೆ ಯಾವ ಬಗೆಯಲ್ಲಿ ತಲುಪುತ್ತದೆಂದು ಕೇಳಬೇಡಿ. ನನಗೂ ಪೂರ್ತಿ ಗೊತ್ತಿಲ್ಲ. ಯಾರಿಗೆ ಬರೆಯುತ್ತಿದ್ದೀರಿ ಎಂದು ಹೊನ್ನವ್ವ ಕೇಳಿದಳು. ಸುರಂಗ ಕೊರೆಯಲಿರುವವರ ಅಜ್ಜ ಅಜ್ಜಿಯರಿಗೆ ಎಂದೆ. “ಹಂಗಾದ್ರ ಒಂದು ಮಾತು ಬರೀರಿ,” ಎಂದಳು. “ಕೊರೆಯೋವಾಗ ಯಾವ ಕಡಿಂದ ನೀರು ಜಿನುಗತಿತ್ತು ಅಂತ ಬಾಯಿ ಹತ್ರದ ಗೋಡಿ ಮ್ಯಾಲ ಕೆತ್ತಿ ಇಡಾಕ ಹೇಳ್ರಿ. ಅವರಿಗೆ ಗೊತ್ತ ಇರತೈತಿ. ಗೊತ್ತಿದ್ದದ್ದನ್ನ ಬರದ ಇಟ್ಟಿಲ್ಲ, ಅಷ್ಟ.”

ಎಳೆಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಅದೊಂದೇ. ನಿಮ್ಮ ಮೊಮ್ಮಕ್ಕಳಿಗೆ ಇದನ್ನು ಮರೆಯದೆ ಹೇಳಿ. ಒಂದೇ ಒಂದು ಸಾಲು ಸಾಕು, ಆಳವಾಗಿ ಕೆತ್ತಿರಬೇಕು. ಆ ಸಾಲು ಅಲ್ಲಿದ್ದರೆ ಅದನ್ನು ಓದಿ ಅವಳು ಮೊದಲ ದಿನವೇ ಘಟ್ಟದ ರಸ್ತೆಗೆ ಹೊರಳುತ್ತಿದ್ದಳು. ಉರಿತಿಂಗಳು ಮುಗಿಯಲು ಇನ್ನು ಹತ್ತು ದಿನ. ಮುಗಿದ ಕೂಡಲೇ ನಾನು ಸುರಂಗದ ಬಾಯಿಯವರೆಗೆ ಹೋಗಿ ಆ ಗೋಡೆಯ ಮೇಲೆ ನಿಮ್ಮ ಸಾಲು ಬಂದಿದೆಯೇ ಎಂದು ನೋಡುತ್ತೇನೆ. ಅಷ್ಟು ನಡೆಯುವ ಉಸಿರು ನನ್ನಲ್ಲಿ ಇನ್ನೂ ಇದೆ.

ನಿಮ್ಮ ಮುಂದಿನವನು,
ಗುರುಬಸಪ್ಪ