ಅಳಿಯ ಕೊಟ್ಟ ಮಲ್ಲಗಂಬ

ಪುಣೆ, ಗುರುವಾರ

ಮಾನ್ಯ ಅಧ್ಯಕ್ಷ ಮಲಕಪ್ಪನವರಿಗೆ ಮಾಧುರಿ ಹಿಪ್ಪರಗಿಯ ನಮಸ್ಕಾರ.

ವ್ಯಾಯಾಮಶಾಲೆಯ ಬಾಗಿಲಿಗೆ ನೀವು ಅಂಟಿಸಿದ ನೋಟಿಸು ಓದಿದೆ. ಧನುಶ್ರೀ ಅಭ್ಯಾಸ ಸಾಲದೆ ಬಿದ್ದಳು ಎಂದು ಬರೆದಿದ್ದೀರಿ. ಅಭ್ಯಾಸ ಮಾಡಿಸಿದವಳು ನಾನು. ಅವಳು ಜಾರಲಿಲ್ಲ, ಅವಳ ಕೆಳಗೆ ಕಂಬ ಮುರಿಯಿತು.

ಹಳೆಯ ಸಾಗವಾನಿ ಕಂಬವನ್ನು ಮೂವರು ಹುಡುಗಿಯರು ಒಟ್ಟಿಗೆ ಹತ್ತಿದರೂ ಅದು ಅಲುಗುತ್ತಿರಲಿಲ್ಲ. ಅದನ್ನು ಕೀಳಿಸಿ, ನಿಮ್ಮ ಅಳಿಯ ದೇಣಿಗೆ ಕೊಟ್ಟ ಬಣ್ಣದ ಕಂಬ ನಿಲ್ಲಿಸಿದಿರಿ. ಒಬ್ಬಳೇ ಹತ್ತಿದರೂ ಅದರ ತುದಿ ನಾಲ್ಕು ಬೆರಳು ವಾಲುತ್ತಿತ್ತು. ನಾನು ಬಂದು ತಿಳಿಸಿದಾಗ, "ಬಾಗೂದು ಬ್ಯಾರೆ, ಮುರಿಯೂದು ಬ್ಯಾರೆ ಬಾಯಾರ. ನೀವು ಭಾಳ ಹೆದರತೀರಿ" ಎಂದು ನಕ್ಕಿರಿ.

ಸೋಮವಾರ ಅದು ಮುರಿದ ಮೇಲೆ ಬಣ್ಣ ಕೆರೆದು ನೋಡಿದೆ. ಒಳಗಿರುವುದು ಸಾಗವಾನಿಯಲ್ಲ, ಗಂಟುಗಂಟಾದ ಯಾವುದೋ ಮೆತ್ತನೆಯ ಕಟ್ಟಿಗೆ. ದೊಡ್ಡ ಗಂಟಿನ ಹತ್ತಿರವೇ ಸೀಳಿದೆ. ಆ ತುಂಡು ನನ್ನ ಮನೆಯಲ್ಲಿದೆ. ತರಲು ಯಾರನ್ನೂ ಕಳಿಸಬೇಡಿ.

ನೋಟಿಸನ್ನು ಇವತ್ತೇ ತೆಗೆಯಿರಿ. ಹಳೆಯ ಕಂಬ ಎಲ್ಲಿದ್ದರೂ ತರಿಸಿ. ಧನುಶ್ರೀಯ ಮೊಣಕೈಗೆ ರಾಡ್ ಹಾಕಿದ್ದಾರೆ. ಆಸ್ಪತ್ರೆಗೆ ಹೋಗಿ, ಅವಳ ತಾಯಿಗೆ ಕಂಬದ ವಿಷಯ ನೀವೇ ಹೇಳಿ.

ನನ್ನ ಪಾಲಿನ ತಪ್ಪನ್ನು ನಾನು ಅವರಿಗೆ ಹೇಳಿ ಬಂದೆ. ಆ ದಿನ ಹುಡುಗಿ, "ಮಿಸ್, ಇದು ಅಲ್ಲಾಡ್ತಾ ಇದೆ, ಭಯ ಆಗುತ್ತೆ" ಅಂದಿದ್ದಳು. "ನಾ ಅದೀನಿ, ಹತ್ತು" ಎಂದು ಹತ್ತಿಸಿದವಳು ನಾನೇ. ಅದನ್ನು ಕೇಳಿದ ಮೇಲೆ ಆ ತಾಯಿ ನನ್ನನ್ನು ಕೋಣೆಯೊಳಗೆ ಬಿಡಲಿಲ್ಲ. ನಿಮ್ಮನ್ನೂ ಬಿಡಲಿಕ್ಕಿಲ್ಲ. ಆದರೂ ಹೋಗಿ.

ಇಂತಿ,
ಮಾಧುರಿ ಹಿಪ್ಪರಗಿ
ಮಲ್ಲಗಂಬ ಶಿಕ್ಷಕಿ