ಕತ್ತು ಒಪ್ಪಿದ ಸೈಕಲ್

೧೨ ಮೇ ೧೯೭೪, ಚಿತ್ತಾಪುರ
ಭಾಗಮ್ಮನಿಂದ ಕತ್ತಿಗೆ ಉಪ್ಪಿನ ಶಾಖ. ಹೆಂಡತಿ ನರ್ಸು, ಮನೆಯಲ್ಲೂ ಡ್ಯೂಟಿ ತಪ್ಪದು. ಹಳೆಯ ನೋವು, ಬೇಸಿಗೆ ರಜೆಯಲ್ಲೂ ರಜೆ ಹಾಕುವುದಿಲ್ಲ. ಶಾಲೆಯ ಹಳ್ಳಿಗೆ ಬಸ್ಸಿಲ್ಲ. ನನ್ನ ಸೈಕಲ್ ಹತ್ತಿ ಹೋದರೆ ಮಧ್ಯಾಹ್ನಕ್ಕೆ ಬೋರ್ಡಿನತ್ತ ತಿರುಗಲಾಗದು. ಹೆಡ್ ಮಾಸ್ತರರು ದಯೆ ತೋರಿಸಿದ್ದಾರೆ — ಶಾಲೆ ತೆರೆಯುವುದರೊಳಗೆ ಹ್ಞೂಂ ಅಂದರೆ ಪಾಠ ಬಿಟ್ಟು ಆಫೀಸಿನಲ್ಲಿ ಕುರ್ಚಿ. ಕುರ್ಚಿಗೆ ಪದ್ಯ ಹೇಳಿಕೊಡಲೆ? ಬೇರೆ ಸೈಕಲ್ ನೋಡಬೇಕು.

೧೪ ಮೇ
ಮಶಾಕನ ಬಾಡಿಗೆ ಸೈಕಲ್ ಅಂಗಡಿ. ಹ್ಯಾಂಡಲ್ ಕೆಳಗೆ ಬಾಗಿದ್ದೊಂದನ್ನು ಹೊರಗೆಳೆದ.
"ರೇಸಿಂದು ರೀ ಮಾಸ್ತರ್ರ. ಹವಾದಂಗ ಹೋಗ್ತದ."
ಹೋಯಿತು. ವಾಡಿ ರಸ್ತೆಯಲ್ಲಿ ಕಂಡದ್ದು ಮುಂದಿನ ಗಾಲಿ ಮಾತ್ರ. ಎದುರು ಬಂದದ್ದು ಎಮ್ಮೆ ಎಂದು ವಾಸನೆಯಿಂದ ತಿಳಿಯಿತು.
ಹ್ಯಾಂಡಲ್ ತಗ್ಗು, ಕತ್ತೇ ಬಗ್ಗು.

೧೭ ಮೇ
ಎತ್ತರ ಹ್ಯಾಂಡಲ್ಲಿನ ಕರಿ ಸೈಕಲ್. ಬೆನ್ನು ನೆಟ್ಟಗೆ. ಮಟಮಟ ಮಧ್ಯಾಹ್ನ, ರಸ್ತೆ ಖಾಲಿ. ಕತ್ತು ತುಟಿಪಿಟಕ್ಕೆನ್ನಲಿಲ್ಲ!
ಹ್ಯಾಂಡಲ್ ಮೇಲು, ನೋವಿಗೆ ಸೋಲು.

೧೯ ಮೇ
ಸೋತದ್ದು ನಾನು. ಅದೇ ಸೈಕಲ್, ಅದೇ ರಸ್ತೆ, ಸಂತೆ ದಿನ. ಮನೆಗೆ ಬಂದಾಗ ಕತ್ತು ಕಟ್ಟಿಗೆ. ಯಾಕೆ? ಸೀಟೆ? ಬಿಸಿಲೆ?...

೨೦ ಮೇ
ಭಾಗಮ್ಮ ನಗುತ್ತ ಬಂದಳು. "ಕಾಯಿಪಲ್ಲೆ ಮಾರೋ ಹಣಮಮ್ಮ ಸಿಕ್ಕಿದ್ಲು. ಸಂತ್ಯಾಗ ಹಿಂದಿಂದ ಯಾರರೆ ಶರಣ್ರಿ ಅಂದ್ರ ನಿಮ್ಮ ಮಾಸ್ತರ್ರು ಗೂಬಿಯಂಗ ಹಿಂದಕ್ಕ ಮಾರಿ ತಿರುಗಿಸ್ತಾರ, ಎಲ್ಲಿ ಬೀಳ್ತಾರೋ ಅಂತ ಜೀವ ಝಲ್ ಅಂತದ ಅಂದ್ಲು."
ಸೀಟಲ್ಲ, ಬಿಸಿಲಲ್ಲ — ಶರಣು! ಖಾಲಿ ರಸ್ತೆಯಲ್ಲಿ ಪರೀಕ್ಷೆ ಮಾಡಿದ ನನ್ನ ಬುದ್ಧಿಯೇ... ತಿರುಗದಿದ್ದರೆ ಮಾಸ್ತರನಿಗೆ ಸೊಕ್ಕು ಅನ್ನುತ್ತಾರೆ. ಇಳಿದು ಇಡೀ ಮೈ ತಿರುಗಿಸೋಣವೆಂದರೆ, ಕ್ಯಾರಿಯರ್ ಮೇಲಿಂದ ಕಾಲೆಸೆಯುವಾಗ ಕತ್ತಿಗೆ ಜರ್ಕು. ಹಾಗಾದರೆ ಬೇಕಾದದ್ದು ಓಡುವ ಸೈಕಲ್ಲಲ್ಲ, ನಿಲ್ಲುವ ಸೈಕಲ್?

೨೪ ಮೇ
ಮಶಾಕನ ಮೂಲೆಯಲ್ಲಿ ಲೇಡೀಸ್ ಸೈಕಲ್. ನಡುವೆ ಅಡ್ಡ ಸರಳಿಲ್ಲ. ಕಾಲೆಸೆಯದೆ ಇಳಿದೆ, ಇಡೀ ಮೈ ತಿರುಗಿಸಿದೆ. ಕತ್ತಿಗೆ ಕೆಲಸವೇ ಇಲ್ಲ.
"ಅದು ಹೆಂಗಸರದ್ರೀ ಮಾಸ್ತರ್ರ! ಮಂದಿ ನಗ್ತಾರ."
"ನಗಲಿ ಬಿಡಪ್ಪಾ. ಯಾರು ನಕ್ಕರು ಅಂತ ಇಳಿದು ನೋಡ್ಲಿಕ್ಕೂ ಇದೇ ಛಲೋ ಅದ."
ನನ್ನ ಹಳೆಯದನ್ನು ಕೊಟ್ಟು ಅದನ್ನೇ ತಂದೆ.

೩ ಜೂನ್
ಶಾಲೆ ತೆರೆಯಿತು. ಶರಣು ಕೇಳಿದಲ್ಲೆಲ್ಲ ಇಳಿದೆ. ತಡವಾಯಿತು. ಮಕ್ಕಳು ಕಿಸಕ್ಕೆಂದರು. ಬೋರ್ಡಿನತ್ತ ತಿರುಗಿದೆ — ತಿರುಗಿತು! ಸಂಜೆಯವರೆಗೂ ತಿರುಗಿತು. ಕುರ್ಚಿ ಬೇಡವೆಂದೆ. ಹೆಡ್ ಮಾಸ್ತರರು ಕಿಟಕಿಯಾಚೆ ನೋಡಿ, "ಕುರ್ಚಿ ಬ್ಯಾಡಂದ್ರ ಹೋಗ್ಲಿ, ಆ ಸೈಕಲ್ಲರೆ ಗ್ವಾಡಿ ಹಿಂದ ನಿಲ್ಲಸ್ರಿ" ಎಂದರು.

೫ ಜೂನ್, ಸಂಜೆ
ಭಾಗಮ್ಮ ಸೈಕಲ್ಲನ್ನು ಎರಡು ಸುತ್ತು ಸುತ್ತಿ ನೋಡಿದಳು.
"ಏನ್ರೀ, ಲೇಡೀಸ್ ಸೈಕಲ್ ಅಂದಮ್ಯಾಲ ಇದು ಯಾರದು?"
ಉತ್ತರಕ್ಕೆ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ಬೆಲ್ ಬಾರಿಸುತ್ತಿದ್ದಾಳೆ. ಇನ್ನು ದವಾಖಾನೆಗೆ ನಡೆಯುವುದಿಲ್ಲವಂತೆ. ಅವಳ ಡ್ಯೂಟಿಯೂ ಹತ್ತಕ್ಕೆ, ನನ್ನ ಶಾಲೆಯೂ ಹತ್ತಕ್ಕೆ. ನನ್ನ ಹಳೆಯ ಸೈಕಲ್ಲನ್ನು ಮಶಾಕ ಇನ್ನೂ ಮಾರಿರಲಿಕ್ಕಿಲ್ಲ... ಮತ್ತೆ ಕೂಗಿದಳು. ಸೀಟು ಹಿಡಿದು ಹಿಂದೆ ಓಡಬೇಕಂತೆ. ಬಗ್ಗಿ ಓಡಿದರೆ ಕತ್ತು —