ಹಕ್ಕಿಬಂಡೆಯ ಹಿಂದಿನ ಮೆಟ್ಟಿಲು

ನವೆಂಬರ್ 4, ಮಂಗಳವಾರ

ಮಹಡಿಯ ಮೂರೂ ಕೋಣೆ ಗುಡಿಸಿದೆ. ಯಾರೂ ಮಲಗದ ಹಾಸಿಗೆಗಳಿಗೆ ಮತ್ತೆ ಬೇರೆ ಚಾದರ — ಉಪ್ಪುಗಾಳಿಗೆ ಹಳೆಯವು ಜಿಗುಟಾಗಿದ್ದವು. ಕಿಟಕಿ ಒರೆಸುತ್ತಿದ್ದಾಗ ತಮ್ಮನ ಫೋನು.

"ಅಕ್ಕ, ಸೀಸನ್ ಮುಗೀತಲ್ಲ, ಲಾಡ್ಜ್ ಮುಚ್ಚಿ ನಮ್ಮನೆಗೆ ಬಾ. ಅಲ್ಲಿ ಒಬ್ಬಳೇ ಏನು ಗೋಡೆ ಜೊತೆ ಮಾತಾಡ್ತೀಯಾ?"

ಆಡುತ್ತೇನೆ. ಗೋಡೆ ಇವನ ಹಾಗೆ ನಡುವೆ ಬಾಯಿ ಹಾಕುವುದಿಲ್ಲ.

ಸಂಜೆ ಬಸ್ಸಿನಿಂದ ಒಬ್ಬಾಕೆ ಇಳಿದರು! ಹೆಚ್ಚುಕಮ್ಮಿ ನನ್ನದೇ ವಯಸ್ಸು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರಂತೆ. "ಇಲ್ಲಿ ನೋಡೋಕೆ ಏನೇನಿದೆ?" ಎಂದರು. ಗಿಳಿಪಾಠ ಒಪ್ಪಿಸಿದೆ. ಲೈಟ್‌ಹೌಸು, ದೋಣಿ ನಿಲ್ಲುತ್ತಿದ್ದ ಮುರಿದ ಧಕ್ಕೆ, ದೋಣಿ ರಿಪೇರಿ ಶೆಡ್ಡು, ಹಕ್ಕಿಬಂಡೆ. ಊರಿಗೆಲ್ಲ ಹೇಳುವ ನಾನು ಅವನ್ನು ನೋಡಿ ಯಾವ ಕಾಲವಾಯಿತೋ. ಮನೆಯಲ್ಲಿ ಯಾರಾದರೂ ಇರಬೇಕಲ್ಲ.

ನವೆಂಬರ್ 6, ಗುರುವಾರ. ಬೆಳಗ್ಗೆ

ನರ್ಸಮ್ಮ ಏಳುವ ಹೊತ್ತಿಗೆ ಕೋಳಿಯೂ ಎದ್ದಿರುವುದಿಲ್ಲ. ಚಾದರದ ಮೂಲೆಗಳನ್ನು ತಾವೇ ಬಿಗಿಯಾಗಿ ಸಿಕ್ಕಿಸಿ ಹೊರಟುಬಿಡುತ್ತಾರೆ. ನನಗೆ ಆ ಕೋಣೆಯಲ್ಲಿ ಕೆಲಸವೇ ಇಲ್ಲ. ಆದರೂ ಹೋಗಿ ನಿಂತೆ. ಸೋಪು, ಮೊಣಕಾಲಿಗೆ ಹಚ್ಚುವ ಮುಲಾಮು... ಒಂದು ಜೀವ ಇರುವ ವಾಸನೆ.

ಸಂಜೆ

ಅಡುಗೆಮನೆಗೇ ಬಂದು ಕೂತು ಈರುಳ್ಳಿ ಸುಲಿದುಕೊಟ್ಟರು. ಲೈಟ್‌ಹೌಸ್ ಕಾಯುವವನು ಗೊರಕೆ ಹೊಡೆಯುತ್ತಿದ್ದನಂತೆ. ಇವರೇ ಎಬ್ಬಿಸಿ, ನಾಡಿ ಹಿಡಿದು ನೋಡಿ, ಕಾಫಿ ಕಮ್ಮಿ ಮಾಡು ಎಂದು ಬೈದು ಬಂದಿದ್ದಾರೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಈರುಳ್ಳಿಯದ್ದೂ ಸೇರಿ.

ಆಮೇಲೆ, "ಎಲ್ಲಾ ನೋಡಿದ್ದಾಯ್ತು. ನಾಳೆ ಹೊರಡ್ತೀನಿ."

ಬಾಯಿ ತಾನಾಗಿಯೇ ಹೇಳಿತು — "ಮೆಟ್ಟಿಲು ನೋಡಲೇ ಇಲ್ವಲ್ಲ ನೀವು! ಹಕ್ಕಿಬಂಡೆ ಹಿಂದೆ, ನೀರಿನ ಒಳಗೆ. ಹಳೇ ಕಾಲದ ಕಲ್ಲಿನ ಮೆಟ್ಟಿಲು. ಹುಣ್ಣಿಮೆ ಮಾರನೇ ದಿನ ನೀರು ಪೂರ್ತಿ ಇಳಿದಾಗ ಮಾತ್ರ ಕಾಣೋದು."

ಚಾಕು ಕೆಳಗಿಟ್ಟು ನನ್ನನ್ನೇ ನೋಡಿದರು. "ಹೌದಾ? ಹಾಗಾದ್ರೆ ಇರ್ತೀನಿ."

ಮೆಟ್ಟಿಲಂತೆ! ಎಲ್ಲಿಂದ ಬಂತೋ ನನ್ನ ತಲೆಗೆ.

ನವೆಂಬರ್ 7, ಶುಕ್ರವಾರ

ಮೆಟ್ಟಿಲಿನ ಸುದ್ದಿ ದೋಣಿ ರಿಪೇರಿಯವನ ಕಿವಿಗೂ ಬಿತ್ತು. ಊರೆಲ್ಲ ಅವನನ್ನು ಮೌನಿ ಎನ್ನುವುದು ಅವನ ಬಾಯಿ ನಿಲ್ಲುವುದೇ ಇಲ್ಲವೆಂದು. ನರ್ಸಮ್ಮ ಅವನನ್ನೇ ವಿಚಾರಿಸಿದ್ದಾರೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವನೋ, ಗೊತ್ತಿಲ್ಲ ಎಂಬ ಮಾತನ್ನೇ ಆಡದವನು — "ಇಲ್ದೇ ಏನಮ್ಮಾ? ನಮ್ಮಜ್ಜ ಅಲ್ಲೇ ದೋಣಿ ಕಟ್ತಿದ್ರು" ಎಂದನಂತೆ.

ನವೆಂಬರ್ 13, ಗುರುವಾರ

ಬರೆಯಲು ಪುರುಸೊತ್ತೇ ಆಗಲಿಲ್ಲ. ಎರಡು ತಟ್ಟೆ, ಎರಡು ಲೋಟ. ನನ್ನ ಅಡುಗೆಗೆ ಉಪ್ಪು ಜಾಸ್ತಿ ಎಂದು ದಿನಾ ಬೈಸಿಕೊಳ್ಳುತ್ತೇನೆ. ತಮ್ಮ ಫೋನ್ ಮಾಡಿದರೆ, ಗೆಸ್ಟ್ ಇದ್ದಾರೆ, ಬಿಜಿ ಎಂದೆ. ಸುಖವಾಗಿದ್ದೇನೆ. ಬರೆಯಲು ನಾಚಿಕೆ, ಆದರೆ ಇದ್ದೇನೆ. ಜೊತೆಗೇ ಹೆದರಿಕೆ... ಹುಣ್ಣಿಮೆ ಹತ್ತಿರ ಬರುತ್ತಿದೆ.

ನವೆಂಬರ್ 16, ಭಾನುವಾರ. ರಾತ್ರಿ

ನಿನ್ನೆ ಹುಣ್ಣಿಮೆ. ಬೆಳಗ್ಗೆ ನೀರು ಬಂಡೆಯಿಂದಾಚೆ ಸರಿದಿತ್ತು. ನನ್ನನ್ನೂ ಕರೆದರು. ಮನೆಯಲ್ಲಿ ಯಾರಾದರೂ ಇರಬೇಕು ಎಂದೆ. ಅವರು ಹೋದ ಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ರಾಡಿ.

ಮಧ್ಯಾಹ್ನ ಬಂದರು. ಮೊಣಕಾಲವರೆಗೂ ಒದ್ದೆ. "ನೋಡಿದೆ ರೀ! ಎಷ್ಟು ಚೆನ್ನಾಗಿದೆ! ಮೆಟ್ಟಿಲೆಲ್ಲ ಸವೆದು ನುಣ್ಣಗಾಗಿದೆ."

ಮೊದಲು, ಹೋದ ಜೀವ ಬಂದ ಹಾಗಾಯಿತು. ಆಮೇಲೆ ಮೈಯೆಲ್ಲ ಉರಿಯಿತು. ಆ ದನಿ ನನಗೆ ಗೊತ್ತು. ನಮ್ಮ ಮನೆಯವರ ಕೊನೆಯ ವಾರ, ಆಸ್ಪತ್ರೆಯ ನರ್ಸುಗಳು "ಇವತ್ತು ಎಷ್ಟೋ ವಾಸಿ" ಎನ್ನುತ್ತಿದ್ದ ದನಿ.

"ಅಲ್ಲಿ ಮೆಟ್ಟಿಲೂ ಇಲ್ಲ, ಮಣ್ಣೂ ಇಲ್ಲ. ನಾನು ಕಟ್ಟಿದ ಕಥೆ ಅದು."

"ಗೊತ್ತು."

"ಗೊತ್ತಿದ್ದೂ ಈ ನಾಟಕ ಯಾಕೆ? ನಾನೇನು ನಿಮ್ಮ ಪೇಷೆಂಟಾ?"

ಏನೋ ಹೇಳಲು ಬಂದರು. ನಾನು ಬಿಡಲಿಲ್ಲ. "ಇಲ್ಲಿ ನೋಡೋಕೆ ಇನ್ನೇನೂ ಉಳಿದಿಲ್ಲ. ನಾಳೆ ಹತ್ತಕ್ಕೆ ಬಸ್ಸಿದೆ" ಎಂದುಬಿಟ್ಟೆ.

ಊಟಕ್ಕೆ ಇಳಿದು ಬರಲಿಲ್ಲ. ಎರಡು ತಟ್ಟೆಯೂ ಹಾಗೇ ಇವೆ.

ನವೆಂಬರ್ 17, ಸೋಮವಾರ. ಬೆಳಗ್ಗೆ

ಬ್ಯಾಗು ಇಳಿಸಿಟ್ಟು ಬ್ರೆಡ್ಡು ತಿಂದರು. ಉಪ್ಪಿನ ಮಾತಿಲ್ಲ. ಬಾಗಿಲಲ್ಲಿ ನಿಂತು, "ಬಸ್ ಸ್ಟಾಪ್ ತನಕ ಬನ್ನಿ" ಎಂದರು.

"ಯಾರಾದ್ರೂ ಬಂದ್ರೆ..."

"ಯಾರು ಬರ್ತಾರೆ?"

ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು.

"ಬಂದ ಮಾರನೇ ದಿನಾನೇ ಆ ಬಂಡೆ ಸುತ್ತ ನೋಡಿದ್ದೆ," ಎಂದರು. "ಹಿಂದುಗಡೆ ಬರೀ ಪಾಚಿ. ನೀವು ಮೆಟ್ಟಿಲು ಅಂದಾಗ್ಲೇ ಗೊತ್ತಾಯ್ತು. ಆದ್ರೆ ನಾನು ಇರ್ಲಿ ಅಂತ ಇಷ್ಟು ದೊಡ್ಡ ಸುಳ್ಳು ಯಾರೂ ಹೇಳಿರ್ಲಿಲ್ಲ ರೀ. ಯಾವತ್ತೂ."

ಬ್ಯಾಗು ಎತ್ತಿಕೊಂಡು ನಡೆದೇಬಿಟ್ಟರು. ನಾನು ಬಾಗಿಲು ದಾಟಲಿಲ್ಲ.

ಹತ್ತಕ್ಕೆ ಸ್ವಲ್ಪ ಮುಂಚೆ

ಅವರ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಬಸ್ ಸ್ಟಾಪ್ ಕಾಣುತ್ತದೆ. ಬ್ಯಾಗಿನ ಮೇಲೆ ಕೂತಿದ್ದಾರೆ, ಈ ಕಡೆಗೇ ಮುಖ. ಮೌನಿ ಪಕ್ಕದಲ್ಲಿ ನಿಂತು ಏನೋ ಕೊರೆಯುತ್ತಿದ್ದಾನೆ.

ಇರಿ. ಎರಡೇ ಅಕ್ಷರ. ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಷ್ಟು ಸಲೀಸಾಗಿ ಸುಳ್ಳು ಹೇಳಿದ ನಾಲಿಗೆಗೆ ಇದೊಂದು ಬರಲಿಲ್ಲವಲ್ಲ. ಇಲ್ಲಿ ನೋಡಲು ಏನೂ ಇಲ್ಲ, ನನಗೋಸ್ಕರ ಇರಿ...

ಗುಡ್ಡದ ತಿರುವಿನಲ್ಲಿ ಬಸ್ಸು ಕಾಣಿಸಿತು. ಎದ್ದು ನಿಂತರು.

ಬೀಗ ಎಲ್ಲಿದೆಯೋ — ಈ ಬಾಗಿಲಿಗೆ ಬೀಗ ಹಾಕಿದವಳೇ ಅಲ್ಲ ನಾನು. ಹುಡುಕಲು ಹೊತ್ತಿಲ್ಲ. ತೆರೆದೇ ಇರಲಿ, ಬರುವವರು ಬಂದು ಕಾಯಲಿ, ನಾನು